ಮೊಬೈಲ್ ಸ್ಟಾರ್ಟರ್ ಮೆಸೇಜ್ ಕೇಳ್ತಿಲ್ವಾ? ಒಳಗಿನ ಮೋಡೆಮ್ ಜೊತೆ ನೇರವಾಗಿ ಮಾತಾಡಿ

ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಟಾರ್ಚ್ ಹಿಡಿದು ತೋಟಕ್ಕೆ ಓಡೋದು ತಪ್ಪಲಿ ಅಂತ ನಾನೂ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೆ. ಒಂದು ಬೇಸಿಗೆಯಲ್ಲಿ 'ಆಫ್' ಅಂತ ಮೆಸೇಜ್ ಕಳಿಸಿದರೂ ಮೋಟಾರ್ ನಿಲ್ಲಲಿಲ್ಲ. ಬೋರ್‌ನಲ್ಲಿ ನೀರು ಖಾಲಿ, ಬೆಳಗ್ಗೆ ಹೋಗಿ ನೋಡಿದರೆ ವೈಂಡಿಂಗ್ ಸುಟ್ಟಿತ್ತು. ತಪ್ಪು ಬಹಳ ಚಿಕ್ಕದು: ಜಾಹೀರಾತು ಮೆಸೇಜ್‌ಗಳಿಂದ ಸಿಮ್ ತುಂಬಿಹೋಗಿ, ನನ್ನ ಮೆಸೇಜ್‌ಗೆ ಒಳಗೆ ಜಾಗವೇ ಇರಲಿಲ್ಲ!

ಪೆಟ್ಟಿಗೆಯೊಳಗೆ ಇರೋದು ಒಂದು ಮೋಡೆಮ್. ಅದಕ್ಕೆ ಅರ್ಥವಾಗೋದು 'ಎಟಿ' ಆದೇಶಗಳು. ಎಟಿ ಅಂದರೆ ಅಟೆನ್ಷನ್, 'ಇಲ್ಲಿ ಕೇಳು' ಅಂತ. 1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿಯ ಮೋಡೆಮ್‌ನಿಂದ ಶುರುವಾದ ಈ ಭಾಷೆ ಇವತ್ತಿಗೂ ನಡೀತಿದೆ. ಮೋಡೆಮ್‌ನ ಸೀರಿಯಲ್ ತಂತಿಗಳನ್ನು ಯುಎಸ್‌ಬಿ ಕನ್ವರ್ಟರ್ ಮೂಲಕ ಲ್ಯಾಪ್‌ಟಾಪ್‌ಗೆ ಜೋಡಿಸಿ, ಪುಟಿಯಂಥ ಟರ್ಮಿನಲ್ ತಂತ್ರಾಂಶದಲ್ಲಿ ಟೈಪ್ ಮಾಡಬೇಕು. (ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಿರಿ.)

ಮೊದಲು ಆರೋಗ್ಯ ತಪಾಸಣೆ

• ಎಟಿ: 'ಓಕೆ' ಅಂತ ಉತ್ತರ ಬಂದರೆ ಮೋಡೆಮ್ ಜೀವಂತ.
• ಎಟಿ+ಸಿಪಿಐಎನ್? : 'ರೆಡಿ' ಬಂದರೆ ಸಿಮ್ ಸರಿಯಾಗಿ ಕೂತಿದೆ.
• ಎಟಿ+ಸಿಎಸ್‌ಕ್ಯೂ: ಸಿಗ್ನಲ್ ಬಲ, 0ರಿಂದ 31ರವರೆಗೆ. 10ಕ್ಕಿಂತ ಕಡಿಮೆಯಾದರೆ ಆಂಟೆನಾ ಎತ್ತರಕ್ಕೆ ಕಟ್ಟಿ. 99 ಬಂದರೆ ಸಿಗ್ನಲ್ ಅಳೆಯೋಕೇ ಆಗ್ತಿಲ್ಲ ಅಂತ.
• ಎಟಿ+ಸಿಪಿಎಂಎಸ್? : ಮೆಸೇಜ್ ಡಬ್ಬಿ ಎಷ್ಟು ತುಂಬಿದೆ. '20,20' ಅಂತ ಬಂದರೆ ಇಪ್ಪತ್ತಕ್ಕೆ ಇಪ್ಪತ್ತೂ ಭರ್ತಿ. ನನ್ನ ಕಥೆ ಇದೇ.

ಮೆಸೇಜ್ ಕಳಿಸೋದು, ಪಡೆಯೋದು

ಎಟಿ+ಸಿಎಂಜಿಎಫ್=1 ಕೊಟ್ಟರೆ ಮೋಡೆಮ್ ಓದಬಲ್ಲ ಅಕ್ಷರಗಳಲ್ಲಿ ಮಾತಾಡುತ್ತೆ. ಆಮೇಲೆ ಎಟಿ+ಸಿಎಂಜಿಎಸ್= ಮುಂದೆ ಉದ್ಧರಣ ಚಿಹ್ನೆಯೊಳಗೆ ನಿಮ್ಮ ನಂಬರ್ ಹಾಕಿ ಎಂಟರ್ ಒತ್ತಿ. '>' ಗುರುತು ಬಂದಾಗ ಸಂದೇಶ ಬರೆದು ಕಂಟ್ರೋಲ್ ಹಿಡಿದು ಜೆಡ್ ಒತ್ತಿದರೆ ಹೊರಟಿತು. ಇಂಗ್ಲಿಷ್‌ನಲ್ಲಿ ಒಂದು ಮೆಸೇಜ್‌ಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಅದಕ್ಕೇ 'ಆನ್', 'ಆಫ್' ಇಂಗ್ಲಿಷ್‌ನಲ್ಲೇ ಇರಲಿ.

ಹಳೇ ಮೆಸೇಜ್ ಎಲ್ಲಾ ಅಳಿಸೋಕೆ ಎಟಿ+ಸಿಎಂಜಿಡಿ=1,4. ಇನ್ನು ಮುಂದೆ ತುಂಬದ ಹಾಗೆ ಮಾಡೋಕೆ ಎಟಿ+ಸಿಎನ್‌ಎಂಐ=2,2. ಆಗ ಬಂದ ಮೆಸೇಜ್ ಸಿಮ್‌ನಲ್ಲಿ ಕೂರದೆ ನೇರ ಕಂಟ್ರೋಲರ್‌ಗೆ ಹೋಗುತ್ತೆ. ಆದರೆ ಕಂಟ್ರೋಲರ್ ಪ್ರೋಗ್ರಾಮ್ ಕೂಡ ಅದೇ ರೀತಿ ಓದುವಂತಿರಬೇಕು. ರೆಡಿಮೇಡ್ ಪೆಟ್ಟಿಗೆಯಾದರೆ ಮಾರಿದವರನ್ನು ಕೇಳದೆ ಇದನ್ನು ಬದಲಿಸಬೇಡಿ. ತಿಂಗಳಿಗೊಮ್ಮೆ ಅಳಿಸೋದೇ ಕ್ಷೇಮ. ಸ್ವಂತವಾಗಿ ಮಾಡಿಕೊಂಡವರು ಈ ಸಾಲುಗಳನ್ನು ಪ್ರೋಗ್ರಾಮ್‌ನ ಶುರುವಿನಲ್ಲೇ ಬರೆಯಿರಿ. ಕರೆಂಟ್ ಹೋಗಿ ಬಂದಾಗ ಸೆಟ್ಟಿಂಗ್ ಹಳೆಯದಕ್ಕೆ ಮರಳಬಹುದು.

ಮರೆಯಬಾರದ ಮಾತುಗಳು

1. ಎಸ್‌ಐಎಂ800ಎಲ್ ಮೋಡೆಮ್ 2ಜಿ ಮಾತ್ರ. ಜಿಯೋಗೆ 2ಜಿ ಇಲ್ಲ, ಆ ಸಿಮ್ ಇದರಲ್ಲಿ ನಡೆಯೋಲ್ಲ.
2. ಇದು ಸಿಗ್ನಲ್ ಕಳಿಸುವಾಗ ಕ್ಷಣಕಾಲ 2 ಆಂಪಿಯರ್‌ವರೆಗೆ ಎಳೆಯುತ್ತೆ. ಸಪ್ಲೈ ದುರ್ಬಲವಾದರೆ ಪದೇ ಪದೇ ರೀಸ್ಟಾರ್ಟ್ ಆಗುತ್ತೆ.
3. ನಿಮ್ಮ ಮನೆಯವರ ನಂಬರ್‌ಗಳಿಂದ ಬಂದ ಆದೇಶಕ್ಕೆ ಮಾತ್ರ ಮೋಟಾರ್ ತಿರುಗಲಿ.
4. ಸಿಮ್ ರೀಚಾರ್ಜ್ ಅವಧಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.
5. ತಪಾಸಣೆ ಮಾಡುವಾಗ ತ್ರೀಫೇಸ್ ಮೇನ್ ಇಳಿಸಿ. ಕಾಂಟ್ಯಾಕ್ಟರ್ ಕಡೆಯ ವೈರಿಂಗ್ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಮುಖ್ಯವಾದದ್ದು ಕೊನೆಗೆ: ಮೆಸೇಜ್ ತಲುಪೇ ತಲುಪುತ್ತೆ ಅನ್ನೋ ಗ್ಯಾರಂಟಿ ಯಾವ ನೆಟ್‌ವರ್ಕಿಗೂ ಇಲ್ಲ. ಮೋಟಾರ್ ಉಳಿಸೋ ಕೆಲಸ ಡ್ರೈ ರನ್ ರಕ್ಷಣೆ ಮತ್ತು ಟೈಮರ್‌ದು. ಮೆಸೇಜ್ ನಮ್ಮ ಅನುಕೂಲಕ್ಕೆ ಅಷ್ಟೇ. ನಾನು ಇದನ್ನು ಕಲಿತದ್ದು ಮೋಟಾರ್ ಸುಟ್ಟ ಮೇಲೆ. ನೀವು ಈ ವಾರವೇ ಪೆಟ್ಟಿಗೆ ತೆಗೆದು ನೋಡಿ.