ಹಳೆಯ ಕಂಪ್ಯೂಟರಿಗೆ ಯಾವ ಲಿನಕ್ಸ್? ಯಾವ ಕರ್ನೆಲ್?

ಬೆಂಗಳೂರಿನ ಎನ್.ಆರ್. ಕಾಲೊನಿಯಲ್ಲಿ ನೆಲೆಸಿರುವ, ಮೂಲತಃ ನಮ್ಮ ಕರಾವಳಿಯವರೇ ಆದ ನಿವೃತ್ತ ಶಿಕ್ಷಕಿಯೊಬ್ಬರ ಮನೆಗೆ ಹೋಗಿದ್ದೆ. ಕಾಫಿ ಕೊಟ್ಟ ಬಳಿಕ ಕೋಣೆಯ ಮೂಲೆಯಲ್ಲಿದ್ದ ಕಂಪ್ಯೂಟರನ್ನು ತೋರಿಸಿ, "ಫಾದರ್, ರಿಪೇರಿಯವನು ಇದನ್ನು ಗುಜರಿಗೆ ಹಾಕಿ ಅಂತಾನೆ. ಹೊಸತು ತೆಗೆದುಕೊಳ್ಳುವಷ್ಟು ನನ್ನ ಪಿಂಚಣಿ ಎಲ್ಲಿದೆ? ಊರಿನ ವಂಶಾವಳಿ ಪೂರ್ತಿ ಇದರೊಳಗೇ ಉಂಟು" ಎಂದರು. ಹುಟ್ಟೂರಿನ ಧರ್ಮಕೇಂದ್ರದ ಮನೆತನಗಳ ವಿವರಗಳನ್ನು ಹಿರಿಯರಿಂದ ಕೇಳಿ, ಹಳೆಯ ಕಾಗದಪತ್ರ ನೋಡಿ, ಅವರು ಹಲವು ವರ್ಷಗಳಿಂದ 'ನುಡಿ'ಯಲ್ಲಿ ಬೆರಳಚ್ಚು ಮಾಡಿಟ್ಟಿದ್ದಾರೆ.

ಕಂಪ್ಯೂಟರು 2009ರದ್ದು. ಕೋರ್ 2 ಡ್ಯುಯೊ ಪ್ರೊಸೆಸರ್, 2 ಜಿ.ಬಿ. ರ‍್ಯಾಮ್, ವಿಂಡೋಸ್ 7. ಇಂಥವು ನಮ್ಮ ಅನೇಕ ಚರ್ಚ್ ಕಚೇರಿಗಳಲ್ಲಿ, ಶಾಲೆಗಳಲ್ಲಿ ಧೂಳು ಹಿಡಿದು ಕುಳಿತಿವೆ. ವಿಂಡೋಸ್ 7ಕ್ಕೆ ಸುರಕ್ಷತಾ ತಿದ್ದುಪಡಿಗಳು 2020ರ ಜನವರಿ 14ಕ್ಕೆ ನಿಂತವು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿ.ಪಿ.ಎಂ. 2.0 ಎಂಬ ಭದ್ರತಾ ಸೌಲಭ್ಯವನ್ನೂ ಇತ್ತೀಚಿನ ಪ್ರೊಸೆಸರನ್ನೂ ಕೇಳುತ್ತದೆ. ಹೀಗಾಗಿ ಇನ್ನೂ ಚೆನ್ನಾಗಿ ಓಡುವ ಯಂತ್ರಗಳು ಇದ್ದಕ್ಕಿದ್ದಂತೆ 'ಹಳತು' ಎನಿಸಿಕೊಂಡಿವೆ.

ಇವುಗಳಿಗೆ ಲಿನಕ್ಸ್ ಒಂದು ದಾರಿ. ಬೆಂಗಳೂರಿಗೆ ಇದು ಹೊಸತೇನಲ್ಲ. 2001ರಲ್ಲಿ ಆರಂಭವಾದ 'ಲಿನಕ್ಸ್ ಬೆಂಗಳೂರು' ಸಮ್ಮೇಳನ ಮುಂದೆ 'ಫಾಸ್ ಡಾಟ್ ಇನ್' ಎಂಬ ಹೆಸರಿನಲ್ಲಿ ನಡೆಯಿತು. ಗುರಪ್ಪನಪಾಳ್ಯದ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರ ತೆರೆದಾಗ, ದಾನವಾಗಿ ಬಂದ ಬಳಸಿದ ಕಂಪ್ಯೂಟರುಗಳ ಮೇಲೆಯೇ ಸ್ವಯಂಸೇವಕರು ಮಕ್ಕಳಿಗೆ ಲಿನಕ್ಸ್ ಕಲಿಸಿದರು.

ಈಗ ಎರಡು ಪದಗಳನ್ನು ತಿಳಿದುಕೊಳ್ಳೋಣ. ಕರ್ನೆಲ್ ಎಂದರೆ ತಿರುಳು. ಪ್ರೊಸೆಸರ್, ಡಿಸ್ಕ್, ಕೀಲಿಮಣೆ, ಪರದೆ ಇವುಗಳೊಡನೆ ನೇರವಾಗಿ ವ್ಯವಹರಿಸುವ ಭಾಗ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆಯಲು ಆರಂಭಿಸಿದ್ದು ಇದನ್ನೇ. ಈ ತಿರುಳಿಗೆ ಡೆಸ್ಕ್‌ಟಾಪ್, ಬ್ರೌಸರ್, ಲಿಬ್ರೆ ಆಫೀಸ್ ಮುಂತಾದವನ್ನು ಸೇರಿಸಿ ಒಂದು ಸಂಸ್ಥೆಯೋ ಸ್ವಯಂಸೇವಕರ ಗುಂಪೋ ಹೊರತರುವ ಪೂರ್ಣ ಕಟ್ಟು ಡಿಸ್ಟ್ರಿಬ್ಯೂಷನ್. ಡೆಬಿಯನ್, ಉಬುಂಟು, ಮಿಂಟ್ ಎಲ್ಲವೂ ಇಂಥವು.

"ಹಳೆಯ ಯಂತ್ರಕ್ಕೆ ಹಳೆಯ ಆವೃತ್ತಿ ಸಾಕಲ್ಲವೇ?" ಎಂದು ಹಲವರು ಕೇಳುತ್ತಾರೆ. ಇಲ್ಲ. ತಿದ್ದುಪಡಿ ನಿಂತ ಆವೃತ್ತಿಯನ್ನು ಇಂಟರ್ನೆಟ್‌ಗೆ ಜೋಡಿಸಿದರೆ ವಿಂಡೋಸ್ 7ರಲ್ಲಿದ್ದ ಅಪಾಯವೇ ಇಲ್ಲಿಯೂ ಇರುತ್ತದೆ. ಹಾಗೆಂದು ಎಲ್ಲಕ್ಕಿಂತ ಹೊಸದೂ ಬೇಡ. 2022ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಕೋರ್ 2 ಡ್ಯುಯೊ ಮೇಲೆ ಓಡುವುದೇ ಇಲ್ಲ, ಏಕೆಂದರೆ ಅದು ಬಯಸುವ ಕೆಲವು ಸೂಚನೆಗಳು ಆ ಪ್ರೊಸೆಸರಿನಲ್ಲಿಲ್ಲ. ನಮಗೆ ಬೇಕಾದದ್ದು ನಮ್ಮ ಯಂತ್ರವನ್ನು ಒಪ್ಪಿಕೊಳ್ಳುವ, ಇನ್ನೂ ಕೆಲವು ವರ್ಷ ಬೆಂಬಲವಿರುವ ಆವೃತ್ತಿ.

ಮೊದಲು ಪ್ರೊಸೆಸರ್ 32 ಬಿಟ್‌ನದೋ 64 ಬಿಟ್‌ನದೋ ನೋಡಿಕೊಳ್ಳಿ. ಪೆನ್‌ಡ್ರೈವ್‌ನಿಂದ ಯಾವುದಾದರೂ ಲಿನಕ್ಸ್ ಓಡಿಸಿ, ಟರ್ಮಿನಲ್‌ನಲ್ಲಿ ಎಲ್, ಎಸ್, ಸಿ, ಪಿ, ಯು ಎಂಬ ಐದು ಅಕ್ಷರಗಳನ್ನು ಜೋಡಿಸಿ ಬರೆದರೆ ಉತ್ತರ ಬರುತ್ತದೆ. ಕೋರ್ 2 ಡ್ಯುಯೊ 64 ಬಿಟ್‌ನದು. ಅಲ್ಲಿ ಆಯ್ಕೆ ಧಾರಾಳ. 32 ಬಿಟ್ ಮಾತ್ರ ಇರುವ ಯಂತ್ರಗಳಿಗೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಕ್ರೋಮ್ 2016ರಲ್ಲೇ ಕೈಬಿಟ್ಟಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿ.ಸಿ.ಗಳಿಗೆ ಕರ್ನೆಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಫೈರ್‌ಫಾಕ್ಸ್ ಕೂಡ ಅದೇ ವರ್ಷ ಹಿಂದೆ ಸರಿಯಿತು. ಅಂಥವುಗಳಿಗೆ ಡೆಬಿಯನ್ 12 ಅಥವಾ ಅದರ ಮೇಲೆ ಕಟ್ಟಿದ ಆ್ಯಂಟಿ-ಎಕ್ಸ್ 23 ಹಾಕಬಹುದು. ಆದರೆ ಬರಹದ ಕೆಲಸಕ್ಕಷ್ಟೇ ಇಟ್ಟುಕೊಳ್ಳಿ, ಬ್ಯಾಂಕಿನ ವ್ಯವಹಾರಕ್ಕೆ ಬೇಡ ಎನ್ನುವುದು ನನ್ನ ಸಲಹೆ.

ಎರಡನೆಯದು ರ‍್ಯಾಮ್. ಮಿಂಟ್‌ಗೆ ಕನಿಷ್ಠ 2 ಜಿ.ಬಿ. ಬೇಕು, ನೆಮ್ಮದಿಯಿಂದ ಬಳಸಲು 4 ಜಿ.ಬಿ. ಇರಬೇಕು. ಅದರಲ್ಲಿಯೂ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವುದನ್ನೇ ಆರಿಸಬೇಕು. 1 ಜಿ.ಬಿ. ಮಾತ್ರ ಇದ್ದರೆ ಆ್ಯಂಟಿ-ಎಕ್ಸ್. ಕಂಪ್ಯೂಟರು ನಿಧಾನವಾಗಲು ಮುಖ್ಯ ಕಾರಣ ಕರ್ನೆಲ್ ಅಲ್ಲ, ಬ್ರೌಸರ್. ಹತ್ತು ಪುಟ ತೆರೆದಿಟ್ಟು "ಲಿನಕ್ಸೂ ನಿಧಾನ" ಎಂದು ದೂರುವವರನ್ನು ನಾನು ಕಂಡಿದ್ದೇನೆ.

ಹಾಗಾದರೆ ಕರ್ನೆಲ್ ಆರಿಸುವಾಗ ಏನು ನೋಡಬೇಕು? ಹೊಸ ಕರ್ನೆಲ್ ಬರುವುದು ಬಹುಮಟ್ಟಿಗೆ ಹೊಸ ಯಂತ್ರಭಾಗಗಳನ್ನು ಗುರುತಿಸುವುದಕ್ಕಾಗಿ. 2009ರ ಕಂಪ್ಯೂಟರಿನ ಭಾಗಗಳನ್ನು ಕರ್ನೆಲ್ ಎಂದೋ ಕಲಿತಾಗಿದೆ. ಆದ್ದರಿಂದ ಡಿಸ್ಟ್ರಿಬ್ಯೂಷನ್ ತಾನೇ ಕೊಟ್ಟು ಕಾಪಾಡುವ ದೀರ್ಘಾವಧಿ ಕರ್ನೆಲ್ಲೇ ಉತ್ತಮ: ಡೆಬಿಯನ್ 12ರಲ್ಲಿ 6.1, ಡೆಬಿಯನ್ 13ರಲ್ಲಿ 6.12, ಮಿಂಟ್ 22ರಲ್ಲಿ 6.8. ಅದರ ತಿದ್ದುಪಡಿಗಳನ್ನು ತಪ್ಪದೆ ಹಾಕಿಕೊಳ್ಳಿ, ಮುಂದಿನ ಸಂಖ್ಯೆಗೆ ಹಾರಬೇಡಿ. ಎನ್‌ವಿಡಿಯಾದ ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದವರಂತೂ ಎಚ್ಚರ ವಹಿಸಬೇಕು. ಜಿಫೋರ್ಸ್ 8 ಮತ್ತು 9ರ ಸಾಲಿಗೆ ಕಂಪನಿಯ ಡ್ರೈವರ್ 2019ಕ್ಕೇ ನಿಂತಿದೆ, ಹೊಸ ಕರ್ನೆಲ್‌ಗಳೊಡನೆ ಅದು ಕೂಡುವುದಿಲ್ಲ. ಲಿನಕ್ಸ್‌ನ ಸ್ವಂತ ನೂವೋ ಡ್ರೈವರ್ ಅಲ್ಲಿ ಸಾಕು. ತಿದ್ದುಪಡಿಯ ನಂತರ ಕಂಪ್ಯೂಟರು ಏಳದಿದ್ದರೆ ಗಾಬರಿ ಬೇಡ; ಆರಂಭದ ಗ್ರಬ್ ಪಟ್ಟಿಯಲ್ಲಿ ಹಿಂದಿನ ಕರ್ನೆಲ್ ಇರುತ್ತದೆ, ಅದನ್ನೇ ಆರಿಸಿ ಒಳಗೆ ಬರಬಹುದು. ಇದಕ್ಕಾಗಿಯೇ ಹಿಂದಿನದೊಂದನ್ನು ಅಳಿಸದೆ ಉಳಿಸಿಕೊಳ್ಳಬೇಕು.

ಶಿಕ್ಷಕಿಯವರ ವಿಷಯಕ್ಕೆ ಮರಳೋಣ. ವಿಂಡೋಸ್ ಅಳಿಸುವ ಮೊದಲು ಒಂದು ದೊಡ್ಡ ಕೆಲಸವಿತ್ತು. ಹಿಂದಿನ ನುಡಿ, ಬರಹಗಳ ಅಕ್ಷರಗಳು ಆಯಾ ಫಾಂಟಿಗೆ ಅಂಟಿಕೊಂಡವು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಆದ್ದರಿಂದ ಎಲ್ಲ ಕಡತಗಳನ್ನು ಮೊದಲು ಎರಡು ಪೆನ್‌ಡ್ರೈವ್‌ಗಳಿಗೆ ನಕಲು ಮಾಡಿ, ಬಳಿಕ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದೆವು. ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿದವು. ಡಿಸೋಜ, ಪಿಂಟೊ, ಲೋಬೊಗಳ ನಡುವೆ ಕುಳಿತು ಒಂದೊಂದಾಗಿ ತಿದ್ದಲು ಅವರಿಗೆ ಮೂರು ವಾರ ಹಿಡಿಯಿತು. ದಾಖಲೆ ಪುಸ್ತಕಗಳ ಪ್ರತಿಯನ್ನು ಕಂಪ್ಯೂಟರಿಗೆ ಏರಿಸಿರುವ ಧರ್ಮಕೇಂದ್ರಗಳು ಈ ಕೆಲಸವನ್ನು ಮುಂದೂಡಬಾರದು.

ಬಳಿಕ ಎಸ್.ಪಿ. ರಸ್ತೆಗೆ ಹೋಗಿ ಹಳೆಯ ಡಿ.ಡಿ.ಆರ್. 2 ರ‍್ಯಾಮ್ ಹುಡುಕಿ 4 ಜಿ.ಬಿ.ಗೆ ಏರಿಸಿದೆವು, ಹಳೆಯ ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದೆವು. ವೇಗ ಹೆಚ್ಚಿದ್ದು ಮುಖ್ಯವಾಗಿ ಎಸ್‌ಎಸ್‌ಡಿಯಿಂದ. ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ, ಧ್ವನಿ, ಇಂಟರ್ನೆಟ್, ಪರದೆ ಸರಿಯಿವೆಯೇ ಎಂದು ನೋಡಿ, ಆಮೇಲಷ್ಟೇ ಡಿಸ್ಕಿಗೆ ಇಳಿಸಿದೆವು. ಅದಕ್ಕೆ 2029ರ ಏಪ್ರಿಲ್‌ವರೆಗೆ ಬೆಂಬಲವಿದೆ.

ಬೆರಳಚ್ಚಿನ ಚಿಂತೆ ಅವರಿಗಿತ್ತು. ಐ-ಬಸ್ ವ್ಯವಸ್ಥೆಗೆ ಎಂ 17 ಎನ್ ಎಂಬ ಪ್ಯಾಕೇಜ್ ಸೇರಿಸಿದರೆ ನುಡಿಯ ಕೆ.ಜಿ.ಪಿ. ಕೀಲಿಮಣೆ ವಿನ್ಯಾಸವೇ ಸಿಗುತ್ತದೆ. ಅದನ್ನು ರೂಪಿಸಿದ ಕೆ.ಪಿ. ರಾವ್ ಮಂಗಳೂರು ಸಮೀಪದ ಕಿನ್ನಿಕಂಬಳದವರು ಎಂದಾಗ ಅವರಿಗೆ ಹೆಚ್ಚೇ ಸಂತೋಷವಾಯಿತು.

ಎಲ್ಲರಿಗೂ ಇದು ಒಗ್ಗುವುದಿಲ್ಲ. ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ್ದು. ಲೆಕ್ಕಪತ್ರ ಅದರಲ್ಲೇ ಇರುವ ಚರ್ಚ್ ಕಚೇರಿಗಳು ಆ ಒಂದು ಕಂಪ್ಯೂಟರನ್ನು ಹಾಗೆಯೇ ಬಿಟ್ಟು, ಉಳಿದವನ್ನು ಮಾತ್ರ ಬದಲಿಸಲಿ. ಪ್ರಿಂಟರನ್ನೂ ಮೊದಲೇ ಪರೀಕ್ಷಿಸಿ. ಶಿಕ್ಷಕಿಯವರ ಲೇಸರ್ ಪ್ರಿಂಟರಿಗೆ ಸರಿಯಾದ ಡ್ರೈವರ್ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಪುಟಗಳನ್ನು ಪಿ.ಡಿ.ಎಫ್. ಮಾಡಿ, ಪೆನ್‌ಡ್ರೈವ್ ಹಿಡಿದು ನೆಟ್ಟಕಲ್ಲಪ್ಪ ವೃತ್ತದ ಕಡೆಯ ಜೆರಾಕ್ಸ್ ಅಂಗಡಿಗೆ ಹೋಗುತ್ತಾರೆ.