ಮಗ್ಗದ ಮುಂದೆ ಮಾತ್ರ ಮಡಚುವ ಬೆರಳು!

ಒಂದು ಒಗಟು ಹೇಳುತ್ತೇನೆ. ಬಿಡಿಸಿ ನೋಡೋಣ!

ಇಳಕಲ್ಲಿನ ಒಬ್ಬ ನೇಕಾರರನ್ನು ಕಲ್ಪಿಸಿಕೊಳ್ಳಿ. ಬೆಳಿಗ್ಗೆ ರೊಟ್ಟಿ ಮುರಿಯುತ್ತಾರೆ, ಕೈ ಸರಿ ಇದೆ. ಅಂಗಿ ಗುಂಡಿ ಹಾಕುತ್ತಾರೆ, ಸರಿ. ಮೊಬೈಲ್ ಒತ್ತುತ್ತಾರೆ, ಅದೂ ಸರಿ! ಮಗ್ಗಕ್ಕೆ ಕೂತು, ಸೀರೆಯ ಟೋಪ ತೆನಿ ಸೆರಗಿಗೆ ಕೊಂಡಿ ಹಾಕಲು ಎಳೆ ಹಿಡಿದರೋ, ಎರಡು ಬೆರಳು ತಾವಾಗಿಯೇ ಮಡಚಿಕೊಳ್ಳುತ್ತವೆ! ಬಿಡಿಸಲು ಹೋದರೆ ಇನ್ನಷ್ಟು ಬಿಗಿ. ಮಗ್ಗ ಬಿಟ್ಟು ಎದ್ದರೆ ಏನೂ ಆಗಿಯೇ ಇಲ್ಲವೆಂಬಂತೆ ಸಲೀಸು!

ರೋಗ ಎಲ್ಲಿದೆ, ಹೇಳಿ? ಬೆರಳಿನಲ್ಲೇ? ಅಲ್ಲ. ಮೂಳೆಯಲ್ಲೇ? ಅಲ್ಲ. ಕೆಲಸ ತಪ್ಪಿಸಿಕೊಳ್ಳುವ ನಾಟಕವಾ? ಛೆ, ಛೆ!

ಮೆದುಳಿನಲ್ಲಿ! ಹೌದು, ಮೆದುಳಿನಲ್ಲಿ!

ವೈದ್ಯರು ಇದನ್ನು ಫೋಕಲ್ ಡಿಸ್ಟೋನಿಯಾ ಎನ್ನುತ್ತಾರೆ. ಒಂದೇ ನಾಜೂಕು ಕೆಲಸವನ್ನು ವರ್ಷಗಟ್ಟಲೆ ಮಾಡಿದ ಕೆಲವರಲ್ಲಿ, ಆ ಕೆಲಸಕ್ಕೆ ಬೆರಳುಗಳನ್ನು ನಡೆಸುವ ಮೆದುಳಿನ ಜಾಲವೇ ದಾರಿ ತಪ್ಪುತ್ತದೆ. ಒಂದು ಬೆರಳಿಗೆ ಹೋಗಬೇಕಾದ ಆಜ್ಞೆ ಪಕ್ಕದ ಬೆರಳಿಗೂ ಹೋಗುತ್ತದೆ! ಅದೂ ಆ ಒಂದು ಕೆಲಸಕ್ಕೆ ಮಾತ್ರ!

ದರ್ಜಿಗಳಿಗೆ ಬಂದದ್ದುಂಟು, ಕ್ಷೌರಿಕರಿಗೆ ಬಂದದ್ದುಂಟು. ಹುನಗುಂದದ ಬಾಂಡ್ ರೈಟರ್‌ಗೆ ಪೆನ್ನು ಹಿಡಿದಾಗ ಬರಬಹುದು. ಬಾದಾಮಿಯ ಬನಶಂಕರಿ ಜಾತ್ರೆ ನಾಟಕಗಳಲ್ಲಿ ಹಾರ್ಮೋನಿಯಂ ನುಡಿಸುವವರಿಗೆ? ಅವರಿಗಂತೂ ಇನ್ನೂ ಹತ್ತಿರದ ಮಾತು. ವೃತ್ತಿನಿರತ ಸಂಗೀತಗಾರರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದು ಕಾಡುತ್ತದೆ ಎಂಬ ಅಂದಾಜಿದೆ.

ಈಗ ಬೆಂಗಳೂರಿಗೆ ಬನ್ನಿ. 2017ರ ಜುಲೈ. ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆ.

ಮೂವತ್ತರ ಆಸುಪಾಸಿನ ಒಬ್ಬ ಗಿಟಾರ್ ವಾದಕ. ಎಡಗೈ ಬೆರಳುಗಳು ಗಿಟಾರ್ ತಂತಿ ಮುಟ್ಟಿದರೆ ಸಾಕು, ಮುದುಡುತ್ತವೆ. ಉಳಿದ ಹೊತ್ತು ಏನೂ ಇಲ್ಲ! ಅತಿಯಾದ ಅಭ್ಯಾಸದಿಂದ ಸ್ನಾಯು ದಣಿದಿದೆ ಎಂದೇ ಮೊದಲು ಅಂದುಕೊಂಡಿದ್ದಾಯಿತು. ವಿಶ್ರಾಂತಿ, ಔಷಧಿ, ಫಿಸಿಯೋಥೆರಪಿ. ಬೆರಳು ಜಗ್ಗಲಿಲ್ಲ!

ಕೊನೆಗೆ ನರರೋಗ ತಜ್ಞ ಡಾ. ಸಂಜೀವ್ ಸಿ.ಸಿ. ಮತ್ತು ನರಶಸ್ತ್ರಚಿಕಿತ್ಸಕ ಡಾ. ಶರಣ್ ಶ್ರೀನಿವಾಸನ್ ಒಂದು ಎದೆಗಾರಿಕೆಯ ಕೆಲಸಕ್ಕೆ ಕೈ ಹಾಕಿದರು. ಮೆದುಳಿನ ನಟ್ಟನಡುವೆ ಥಾಲಮಸ್ ಎಂಬ ಭಾಗವಿದೆ. ದಾರಿ ತಪ್ಪಿದ ಜಾಲದ ಒಂದು ಕೊಂಡಿ ಅಲ್ಲಿದೆ. ಅದನ್ನು ಸುಟ್ಟುಬಿಡಬೇಕು! ಎಷ್ಟು ದೊಡ್ಡ ಜಾಗ? ಕೆಲವೇ ಮಿಲಿಮೀಟರ್. ಕೂದಲೆಳೆಯಷ್ಟು ತಪ್ಪಿದರೂ ಮಾತು, ಕೈಕಾಲಿಗೆ ಅಪಾಯ!

ಅಂಥ ಜಾಗ ಸರಿಯಾಗಿ ಸಿಕ್ಕಿದೆ ಎಂದು ಖಾತ್ರಿ ಮಾಡಿಕೊಂಡದ್ದು ಹೇಗೆ? ಸ್ಕ್ಯಾನ್? ಅದು ದಾರಿ ತೋರಿಸಿತು. ಕಂಪ್ಯೂಟರ್? ಅದೂ ಇತ್ತು. ಕೊನೆಯ ಸಾಕ್ಷಿ ಯಾವುದು? ಊಹಿಸಿ!

ಗಿಟಾರ್!

ರೋಗಿ ಎಚ್ಚರವಾಗಿದ್ದಾನೆ! ತಲೆಗೆ ಲೋಹದ ಚೌಕಟ್ಟು, ನಾಲ್ಕು ಸ್ಕ್ರೂ. ಬುರುಡೆಯ ಸಣ್ಣ ರಂಧ್ರದಿಂದ ಇಳಿದ ಎಲೆಕ್ಟ್ರೋಡ್ ಮೆದುಳಿನೊಳಗಿದೆ. ಕೈಯಲ್ಲಿ ಗಿಟಾರ್! ವೈದ್ಯರು ಸುಡುತ್ತಾರೆ, ಇವನು ನುಡಿಸುತ್ತಾನೆ. ಮತ್ತೆ ಸುಡುತ್ತಾರೆ, ಮತ್ತೆ ನುಡಿಸುತ್ತಾನೆ!

ನೋವು? ಇದನ್ನು ಕೇಳಿ! ದೇಹದ ನೋವನ್ನೆಲ್ಲ ನಮಗೆ ತಿಳಿಸುವ ಮೆದುಳಿಗೆ ತನ್ನದೇ ನೋವು ತಿಳಿಯುವುದಿಲ್ಲ! ನೋವು ಗ್ರಹಿಸುವ ನರತುದಿಗಳೇ ಅದರೊಳಗಿಲ್ಲ. ನೆತ್ತಿಯ ಚರ್ಮ ಮರಗಟ್ಟಿಸಿದರೆ ಸಾಕು.

ಒಂದು, ಎರಡು, ಮೂರು... ಆರನೆಯ ಸಲ ಸುಟ್ಟಾಗ ಬೆರಳುಗಳು ಬಿಚ್ಚಿಕೊಂಡವು! ವಾರ್ಡಿಗೆ ಹೋದ ಮೇಲಲ್ಲ, ತಿಂಗಳಾದ ಮೇಲಲ್ಲ. ಆಪರೇಷನ್ ಟೇಬಲ್ ಮೇಲೇ! ಎಷ್ಟು ಹೊತ್ತು ನಡೆಯಿತು ಗೊತ್ತೇ? 7 ಗಂಟೆ!

ಹಾಗಂತ ಬೆರಳು ಸೆಟೆದವರೆಲ್ಲ ತಲೆ ಕೊಯ್ಸಿಕೊಳ್ಳಬೇಕಿಲ್ಲ, ಗಾಬರಿಯಾಗಬೇಡಿ! ಶಸ್ತ್ರಚಿಕಿತ್ಸೆ ಕೆಲವರಿಗೆ ಮಾತ್ರ. ಮಾತ್ರೆ, ಬೊಟುಲಿನಮ್ ಚುಚ್ಚುಮದ್ದು, ಕೈಯನ್ನು ಮತ್ತೆ ಪಳಗಿಸುವ ವ್ಯಾಯಾಮ, ಇವೇ ಮೊದಲ ಮೆಟ್ಟಿಲು. ಕಷ್ಟವಿರುವುದು ರೋಗ ಗುರುತಿಸುವುದರಲ್ಲಿ! ಡಾಕ್ಟರ ಮುಂದೆ ಕೈ ಚಾಚಿದರೆ ಅದು ಎಲ್ಲರ ಕೈಯಂತೆಯೇ ಕಾಣುತ್ತದಲ್ಲ! ಮಗ್ಗವನ್ನು ಹೊತ್ತುಕೊಂಡು ಹೋಗಲಾಗುತ್ತದೆಯೇ?

ಅದಕ್ಕೇ ಹೇಳುವುದು: ನಿಮ್ಮ ಮನೆಯಲ್ಲೋ ಓಣಿಯಲ್ಲೋ ಒಂದೇ ಕೆಲಸಕ್ಕೆ ಮುನಿಯುವ ಬೆರಳು ಕಂಡರೆ, ಕೆಲಸ ನಡೆಯುತ್ತಿರುವಾಗಲೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಬಾಗಲಕೋಟೆಯಲ್ಲೋ, ಧಾರವಾಡದ ಡಿಮ್ಹಾನ್ಸ್‌ನಲ್ಲೋ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ನರರೋಗ ತಜ್ಞರ ಮುಂದೆ ಕೂತಾಗ ಮೊದಲು ಅದನ್ನೇ ತೋರಿಸಿ!