ಶಾಯಿಯಲ್ಲಿ ಮೂಡಿದ ತೊಗಲುಗೊಂಬೆ

ತೊಗಲುಗೊಂಬೆಯ ಫೋಟೊಗಳು ಬೇಕಾದಷ್ಟು ಸಿಗುತ್ತವೆ. ಕಪ್ಪು ಶಾಯಿಯಲ್ಲಿ ಬಿಡಿಬಿಡಿಯಾಗಿ ಬರೆದ ಚಿತ್ರ ಅಪರೂಪ. ಆದರೆ ಗೊಂಬೆ ಮಾಡಿದವರ ಕೈಚಳಕ ತಿಳಿಯಬೇಕಿದ್ದರೆ ಶಾಯಿಚಿತ್ರವನ್ನೇ ನೋಡಬೇಕು ಎನ್ನುತ್ತೇನೆ. ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರು ಆಡಿನ ಚರ್ಮದ ಕೂದಲು ಹೆರೆದು, ಬೆಳಕು ಹಾಯುವಷ್ಟು ಹದಮಾಡಿ, ಆಕೃತಿ ಬರೆದು, ಉಳಿಯಿಂದ ತೂತು ಹೊಡೆದು, ಎರಡೂ ಬದಿಗೆ ಬಣ್ಣ ಹಚ್ಚುತ್ತಾರೆ. ಪರದೆಯ ಹಿಂದೆ ದೀಪ ಹೊತ್ತಿದಾಗ ಆ ತೂತುಗಳೇ ಹಾರ, ತೋಳಬಂದಿ, ಸೀರೆಯಂಚು ಆಗಿ ಹೊಳೆಯುತ್ತವೆ. ಕೆಲವು ದುಂಡಗೆ, ಕೆಲವು ಅರ್ಧಚಂದ್ರ, ಇನ್ನು ಕೆಲವು ಅಕ್ಕಿಕಾಳಿನಂಥ ಸೀಳು. ಒಂದಕ್ಕೊಂದು ತಾಗದಂತೆ ನಡುವೆ ಒಂದಿಷ್ಟು ಚರ್ಮ ಉಳಿಯಲೇಬೇಕು, ಇಲ್ಲದಿದ್ದರೆ ಹಾರವೇ ಹರಿದು ಬರುತ್ತದೆ.

ಫೋಟೊದಲ್ಲಿ ಈ ಎಚ್ಚರ ಕಾಣುವುದು ಕಷ್ಟ. ಬೆಳಕು ಮುಂದಿನಿಂದ ಬಿದ್ದರೆ ತೂತುಗಳು ಹಿನ್ನೆಲೆಯಲ್ಲಿ ಕರಗುತ್ತವೆ, ಹಿಂದಿನಿಂದ ಬಿದ್ದರೆ ಹೊಳಪು ಹರಡಿ ಅಂಚು ಮಸುಕಾಗುತ್ತದೆ. ನಮ್ಮ ಗೊಂಬೆಗಳಲ್ಲಂತೂ ರಥ, ಕುದುರೆ, ಬಿಲ್ಲು ಸಮೇತ ಇಡೀ ದೃಶ್ಯವೇ ಒಂದು ತೊಗಲಿನಲ್ಲಿ ಕೂಡಿರುವುದುಂಟು. ಅಲ್ಲಿ ಯಾವ ಕಾಲು ಕುದುರೆಯದು, ಯಾವ ಗೆರೆ ಚಕ್ರದ್ದು ಎಂದು ಬಿಡಿಸಿ ತೋರಿಸುವುದು ಲೇಖನಿಯೇ. ಚಿತ್ರಕಾರರು ತೂತನ್ನು ಖಾಲಿ ಬಿಟ್ಟು ಸುತ್ತಲ ಚರ್ಮಕ್ಕೆ ಚುಕ್ಕಿ, ಗೀರು ತುಂಬುತ್ತಾರೆ. ಆಗ ಕಾಗದದ ಬಿಳುಪೇ ದೀಪದ ಕೆಲಸ ಮಾಡುತ್ತದೆ. ಶಾಯಿಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು.

ಬಣ್ಣವಿಲ್ಲದ ಮೇಲೆ ಅದೆಂಥ ತೊಗಲುಗೊಂಬೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ, ಕೆಂಪು, ಹಸಿರುಗಳ ಸೊಬಗನ್ನು ಗೀರು ಕೊಡಲಾರದು. ಆದರೆ ಹಳೆಯ ಗೊಂಬೆಗಳ ಬಣ್ಣ ಹೊಗೆಗೆ, ಕೈಬೆವರಿಗೆ ಮಾಸಿರುತ್ತದೆ, ಉಳಿಯ ಗುರುತು ಹಾಗೇ ಇರುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಬರೆಯುವವರು ಸೊಟ್ಟ ಸಾಲನ್ನು ನೆಟ್ಟಗೆ ಮಾಡಿ, ತೇಪೆಯನ್ನು ಮರೆಮಾಚಿ, ಗೊಂಬೆಯನ್ನು ಇದ್ದುದಕ್ಕಿಂತ ಚಂದಗಾಣಿಸಬಹುದು. ಈ ಅಪಾಯವನ್ನು ಒಪ್ಪಲೇಬೇಕು. ಆದ್ದರಿಂದಲೇ ಚಿತ್ರದ ಕೆಳಗೆ ಅಳತೆಪಟ್ಟಿ ಇರಬೇಕು, ಪಕ್ಕದಲ್ಲಿ ಫೋಟೊ ಇರಬೇಕು, ಹೊಲಿದು ಕೂಡಿಸಿದ ತೋಳು ಹೊಲಿಗೆ ಸಮೇತ ಬರಬೇಕು. ಬೆಂಗಳೂರಿನಲ್ಲಿ 1960ರಲ್ಲಿ ಆರಂಭವಾದ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ, ಕಲಾವಿದ ಎಂ.ಎಸ್. ನಂಜುಂಡರಾವ್ ಅವರ ಆಸಕ್ತಿಯಿಂದ ಬೆಳೆದ ತೊಗಲುಗೊಂಬೆಗಳ ಸಂಗ್ರಹವಿದೆ. ಅಲ್ಲಿಗೆ ಹೋಗುವ ಚಿತ್ರಕಲಾ ವಿದ್ಯಾರ್ಥಿಗಳು ಹೊರಗೆರೆ ಎಳೆದು ಮುಗಿಸದೆ, ಒಂದು ಕಿರೀಟವನ್ನಾದರೂ ತೂತು ತೂತಾಗಿ ಬರೆಯಲಿ. ಎಲ್ಲಿ ಉಳಿ ಬದಲಾಗಿದೆ, ಎಲ್ಲಿ ಚರ್ಮ ಹರಿಯದಂತೆ ಕೈ ತಡೆದಿದೆ ಎಂಬ ದಾಖಲೆ ಗೊಂಬೆ ಕೊರೆಯಲು ಕಲಿಯುವ ಹೊಸಬರ ಉಪಯೋಗಕ್ಕೂ ಬರುತ್ತದೆ.